ಹೈದರಾಬಾದಿನ ತಟ್ಟೆ, ಹುಳಿಮಾವಿನ ಅಡುಗೆಮನೆ

ಬೆಳಿಗ್ಗೆ ಎಂಟೂವರೆಗೆ ಬೆಂಗಳೂರಿನ ಹುಳಿಮಾವು ಗೇಟಿನ ಆಸುಪಾಸಿನ ದರ್ಶಿನಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬನ್ನೇರುಘಟ್ಟ ರಸ್ತೆಯ ಆಫೀಸುಗಳಿಗೆ ಹೊರಟವರು ನಿಂತಲ್ಲೇ ಎರಡು ಇಡ್ಲಿ, ಒಂದು ವಡೆ ಮುಗಿಸುತ್ತಾರೆ. ಕೈ ತೊಳೆದವರೇ ಕಾಫಿ ಕುಡಿದು ಹತ್ತು ನಿಮಿಷದೊಳಗೆ ಬೈಕ್ ಏರಿರುತ್ತಾರೆ. ಪಕ್ಕದ ಕಟ್ಟಡದ ಮೇಲಿನ ಮಹಡಿಯಲ್ಲಿ ಜಿಮ್ ಇರುತ್ತದೆ. ಗಾಜಿನ ಹಿಂದೆ ಟ್ರೆಡ್‌ಮಿಲ್ ಮೇಲೆ ಓಡುವವರು ಕಾಣುತ್ತಾರೆ. ಕೆಳಗೆ ತಿನ್ನುವವರೂ ಮೇಲೆ ಓಡುವವರೂ ಬಹುಪಾಲು ಒಂದೇ ವಯಸ್ಸಿನವರು. ಇಬ್ಬರ ಮನಸ್ಸಿನಲ್ಲೂ ಒಂದೇ ಪ್ರಶ್ನೆ ಇರುತ್ತದೆ: ಏನು ತಿನ್ನಬೇಕು, ಎಷ್ಟು ಮೈ ದಣಿಸಬೇಕು?

ಈ ಪ್ರಶ್ನೆಗೆ ದೇಶದ ಅಧಿಕೃತ ಉತ್ತರವೊಂದು ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿಯನ್ನು ಹೊರತಂದಿತು. ಅದರಲ್ಲಿ 17 ಸೂತ್ರಗಳಿವೆ. ಜೊತೆಗೆ, ಒಬ್ಬರಿಗೆ ಒಂದು ದಿನಕ್ಕೆ ಬೇಕಾದ ಆಹಾರವನ್ನು ಗ್ರಾಂ ಲೆಕ್ಕದಲ್ಲಿ ಹಂಚಿ ತೋರಿಸುವ ಒಂದು ತಟ್ಟೆಯ ಚಿತ್ರವಿದೆ. ದೇಶದ ಒಟ್ಟು ರೋಗದ ಹೊರೆಯಲ್ಲಿ ಶೇ 56.4ರಷ್ಟಕ್ಕೆ ಅನಾರೋಗ್ಯಕರ ಆಹಾರವೇ ಕಾರಣ ಎಂಬ ಅಂದಾಜಿನೊಂದಿಗೆ ಬಂದ ಪುಸ್ತಕ ಇದು. ಅದರ ಬೆಲೆ ತಿಳಿಯಬೇಕಾದರೆ ದಕ್ಷಿಣ ಬೆಂಗಳೂರಿನ ಒಂದು ಮನೆಯ ಅಡುಗೆಮನೆಗೆ ಅದನ್ನು ತಂದು ನೋಡಬೇಕು. ಅಲ್ಲಿ ಅದು ಸೋಮವಾರದಿಂದ ಭಾನುವಾರದವರೆಗೆ ಬಾಳುತ್ತದೆಯೇ ಎಂಬುದೇ ಪರೀಕ್ಷೆ.

ಮೊದಲು ಲೆಕ್ಕ. 2000 ಕ್ಯಾಲೊರಿಯ ದಿನಕ್ಕೆ ಈ ತಟ್ಟೆ ಹೇಳುವುದು 250 ಗ್ರಾಂ ಧಾನ್ಯ ಮತ್ತು ಸಿರಿಧಾನ್ಯ, 85 ಗ್ರಾಂ ಬೇಳೆಕಾಳು, ಸೊಪ್ಪು, ಗೆಡ್ಡೆ, ಕಾಯಿ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಅಥವಾ ಮೊಸರು, 35 ಗ್ರಾಂ ಕಡಲೆಬೀಜದಂಥ ಬೀಜಗಳು, 27 ಗ್ರಾಂ ಎಣ್ಣೆ. ಇವೆಲ್ಲ ಬೇಯಿಸುವ ಮುಂಚಿನ ತೂಕ. ಧಾನ್ಯದಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಶೇ 45ನ್ನು ದಾಟಬಾರದು ಎಂಬುದು ಇದರ ಬೆನ್ನೆಲುಬು.

ಈ ಒಂದು ಮಾತಿಗಾಗಿಯೇ ಪುಸ್ತಕವನ್ನು ಮೆಚ್ಚಬೇಕು. ಆರೋಗ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಯಾವ ಧಾನ್ಯ ಎಂಬುದರ ಸುತ್ತಲೇ ತಿರುಗುತ್ತಿದೆ. ಬಿಳಿ ಅಕ್ಕಿ ಬಿಟ್ಟು ನವಣೆ ತಿನ್ನಿ, ಗೋಧಿ ಬಿಟ್ಟು ರಾಗಿ ತಿನ್ನಿ ಎಂಬ ಸಲಹೆ ಜಯನಗರದ ಸಿರಿಧಾನ್ಯದ ಅಂಗಡಿಯಿಂದ ಹಿಡಿದು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನವರೆಗೆ ಕೇಳಿಸುತ್ತದೆ. 2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಇದಕ್ಕೆ ಖಚಿತವಾದ ತಡೆ ಹಾಕಿತು. ಭಾರತೀಯರ ಶಕ್ತಿಯ ಶೇ 62ರಷ್ಟು ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತಿದೆ ಎಂದು ಅದು ಕಂಡುಕೊಂಡಿತು. ಒಟ್ಟು ಪ್ರಮಾಣ ತಗ್ಗಿಸದೆ ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯ ಅಪಾಯ ಇಳಿಯದು ಎಂದೂ ಹೇಳಿತು. ಇದೇ ಸರಣಿಯ 2023ರ ವರದಿಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ.

ಹಳೇ ಮೈಸೂರು ಕಡೆಯವರಿಗೆ ಮುದ್ದೆಯ ವಿಷಯದಲ್ಲಿ ಈ ಮಾತು ಕಹಿ ಎನಿಸಬಹುದು. ರಾಗಿ ಒಳ್ಳೆಯ ಧಾನ್ಯ ಎಂಬುದರಲ್ಲಿ ಅನುಮಾನವಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಬೆಳಿಗ್ಗೆ ಮಸಾಲೆ ದೋಸೆ, ಮಧ್ಯಾಹ್ನ ಡಬ್ಬಿಯ ತುಂಬ ಅನ್ನ, ರಾತ್ರಿ ಒಂದು ಮುದ್ದೆ, ಅದರ ಮೇಲೆ ಮತ್ತೆ ಅನ್ನ ಎಂದಾಗ 250 ಗ್ರಾಂ ಯಾವಾಗಲೋ ದಾಟಿಹೋಗಿರುತ್ತದೆ. ಹೊಲದಲ್ಲಿ ದಿನವಿಡೀ ಬಗ್ಗಿ ದುಡಿದ ಅಜ್ಜ ಎರಡು ಮುದ್ದೆ ಉಂಡು ಅರಗಿಸಿಕೊಂಡರು. ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂರುವ ಮೊಮ್ಮಗನಿಗೆ ಒಂದು ಮುದ್ದೆ ಸಾಕು, ಅನ್ನದ ಜಾಗಕ್ಕೆ ಪಲ್ಯ ಬರಬೇಕು. ರಾಗಿಯ ಗುಣ ಅಂದಿನಂತೆಯೇ ಇದೆ. ಉಣ್ಣುವವನ ದಿನಚರಿ ಬೇರೆಯಾಗಿದೆ.

ಹಾಗೆಂದು ಪರಿಹಾರಕ್ಕೆ ದೂರ ಹೋಗಬೇಕಾಗಿಲ್ಲ. ಬಸ್ಸಾರನ್ನೇ ನೋಡಿ. ದಂಟಿನ ಸೊಪ್ಪು, ಹೆಸರುಕಾಳು ಒಟ್ಟಿಗೆ ಬೇಯುತ್ತವೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಸೊಪ್ಪು ಮತ್ತು ಕಾಳು, ತಟ್ಟೆಯ ಎರಡು ವರ್ಗಗಳು ಒಂದೇ ಪಾತ್ರೆಯಿಂದ ಬಂದವು. ನೀರಿಗಿಳಿದ ಸತ್ವವೂ ಮೋರಿಗೆ ಹೋಗಲಿಲ್ಲ. ಮಸ್ಸೊಪ್ಪು, ಉಪ್ಸಾರು, ಹುರುಳಿಕಟ್ಟಿನ ಸಾರು, ನೆನೆಸಿದ ಹೆಸರುಬೇಳೆಯ ಕೋಸಂಬರಿ ಇವೆಲ್ಲ ಆ ಚಿತ್ರದ ತಟ್ಟೆಗೆ ಸಲೀಸಾಗಿ ಕೂರುತ್ತವೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಿಂದ ಮನೆಗೆ ಬರುವ ಕಡಲೆಕಾಯಿ 35 ಗ್ರಾಂ ಬೀಜದ ಲೆಕ್ಕವನ್ನು ತುಂಬುತ್ತದೆ. ಮನೆಯ ಊಟ ಹೀಗೆ ಹೊಂದಿಕೊಂಡರೂ ಹೋಟೆಲಿನ ತಿಂಡಿ ಹೊಂದುವುದಿಲ್ಲ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ನಿಂತು ತಿನ್ನುವ ಪದ್ಧತಿ ಕಡಿಮೆ ದುಡ್ಡಿಗೆ ಚೊಕ್ಕಟವಾದ ತಿಂಡಿ ಕೊಟ್ಟಿತು, ಅದು ದೊಡ್ಡ ಉಪಕಾರ. ಆದರೆ ಅಲ್ಲಿನ ತಟ್ಟೆಯಲ್ಲಿ ಅಕ್ಕಿಯದೇ ಅಧಿಕಾರ. ತೆಳು ಸಾಂಬಾರಿನ ಬಟ್ಟಲಿನಲ್ಲಿ ಬೇಳೆ ಹುಡುಕಬೇಕು, ತರಕಾರಿ ಎರಡು ಹೋಳು.

ಕಾಫಿಯ ವಿಷಯದಲ್ಲಿ ಮಾರ್ಗಸೂಚಿ ಇನ್ನೂ ಕಟ್ಟುನಿಟ್ಟು. ಊಟ-ತಿಂಡಿಗೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕಾಫಿ, ಟೀ ಬೇಡ ಎನ್ನುತ್ತದೆ. ಅವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ತಿಂಡಿ-ಕಾಫಿ ಎಂದು ಒಂದೇ ಉಸಿರಿನಲ್ಲಿ ಹೇಳುವ ಊರಿಗೆ ಇದು ಕಠಿಣ ಸಲಹೆ. ಆದರೂ ಇದು ಸರಿಯಾದ ಸಲಹೆ. ಸೊಪ್ಪು, ಕಾಳುಗಳಿಂದಲೇ ಕಬ್ಬಿಣಾಂಶ ಪಡೆಯಬೇಕಾದ ಸಸ್ಯಾಹಾರಿ ಮನೆಗಳ ಹೆಣ್ಣುಮಕ್ಕಳಿಗಂತೂ ಇದು ನೇರವಾಗಿ ಅನ್ವಯಿಸುತ್ತದೆ. ಕಾಫಿ ಬಿಡಬೇಕಾಗಿಲ್ಲ, ಹನ್ನೊಂದು ಗಂಟೆಗೆ ಸರಿಸಿದರೆ ಸಾಕು.

ಇನ್ನು ಮಹಡಿಯ ಮೇಲಿನ ಜಿಮ್. ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ಬೇಡ ಎಂದು ಪುಸ್ತಕ ನೇರವಾಗಿ ಹೇಳುತ್ತದೆ. ಪುಡಿಗಳಲ್ಲಿ ಸಕ್ಕರೆ, ಕೃತಕ ಸಿಹಿ, ಪರಿಮಳ ಬೆರೆತಿರಬಹುದು. ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ ಸುಮಾರು 1.6 ಗ್ರಾಂ ದಾಟಿದ ಪ್ರೋಟೀನ್‌ನಿಂದ ಸ್ನಾಯುವಿಗೆ ಹೆಚ್ಚಿನ ಲಾಭವಿಲ್ಲ ಎಂಬುದು ಅದರ ವಾದ. ಈ ವಾದವನ್ನು ತಟ್ಟೆಯ ಲೆಕ್ಕವೇ ಬೆಂಬಲಿಸುತ್ತದೆ. ಸಾಮಾನ್ಯ ವಯಸ್ಕರಿಗೆ ಸೂಚಿಸಿರುವುದು ಪ್ರತಿ ಕಿಲೊ ತೂಕಕ್ಕೆ 0.83 ಗ್ರಾಂ, ಅಂದರೆ 60 ಕಿಲೊ ತೂಕದವರಿಗೆ 50 ಗ್ರಾಂ. ತಟ್ಟೆಯ ಬೇಳೆಕಾಳಿನಿಂದ 20 ಗ್ರಾಂ ಹತ್ತಿರ, ಧಾನ್ಯದಿಂದ 20ಕ್ಕೂ ಹೆಚ್ಚು, ಹಾಲು-ಮೊಸರಿನಿಂದ ಸುಮಾರು 10, ಕಡಲೆಬೀಜದಿಂದ ಏಳೆಂಟು ಗ್ರಾಂ ಬಂದೇ ಬರುತ್ತದೆ. ದುಬಾರಿ ಡಬ್ಬದ ಅಗತ್ಯ ಬೀಳುವುದು ಈ ತಟ್ಟೆ ಖಾಲಿಯಿದ್ದಾಗ. ಬೇಳೆ 85 ಗ್ರಾಂ ತಲುಪದ ಮನೆಯ ಹುಡುಗ ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು ಉಸಲಿಗೆ ನಾಲ್ಕು ಹಿಡಿ ಕಾಳು ನೆನೆಹಾಕುವುದು ವಿವೇಕ.

ಇದರರ್ಥ ಭಾರ ಎತ್ತುವುದೇ ತಪ್ಪು ಎಂದಲ್ಲ. ಬೆಂಗಳೂರಿಗೆ ಈ ವಿಷಯದಲ್ಲಿ ತನ್ನದೇ ಪರಂಪರೆ ಇದೆ. ಕೆ.ವಿ. ಅಯ್ಯರ್ (1897–1980) ಎಂದರೆ ಓದುಗರಿಗೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರು. ಅದಕ್ಕೂ ಮೊದಲು ಅವರು ಈ ನಗರದಲ್ಲಿ ವ್ಯಾಯಾಮಶಾಲೆ ಕಟ್ಟಿ ಹುಡುಗರ ಮೈ ತಿದ್ದಿದ ಗುರು. 1930ರಲ್ಲಿ ‘ಮಸಲ್ ಕಲ್ಟ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಪುಸ್ತಕ ಬರೆದರು. ಬಾರ್‌ಬೆಲ್ ಮತ್ತು ಆಸನ ಎರಡನ್ನೂ ಒಟ್ಟಿಗೆ ಕಲಿಸಿದ್ದು ಅವರ ವೈಶಿಷ್ಟ್ಯ. ಶಾಲೆಗೆ ಬರಲಾಗದವರಿಗೆ ಅಂಚೆಯ ಮೂಲಕ ಪಾಠ ಕಳಿಸುತ್ತಿದ್ದರು. ಮನೆಯ ಮೂಲೆಯಲ್ಲಿ, ಚಾಪೆಯ ಮೇಲೆ ಮಾಡಬಹುದಾದ ವ್ಯಾಯಾಮಕ್ಕೆ ಅವರು ಕೊಟ್ಟ ಮಹತ್ವ ಇಂದಿನ ಮೂರು ತಿಂಗಳ ಪ್ಯಾಕೇಜುಗಳಲ್ಲಿ ಕಾಣುವುದಿಲ್ಲ. ಪ್ಯಾಕೇಜು ಮಾರುವುದು ಜಾಗ ಮತ್ತು ಯಂತ್ರವನ್ನು. ಅಯ್ಯರ್ ಕಲಿಸಿದ್ದು ಅಭ್ಯಾಸವನ್ನು.

ವಿಶ್ವ ಆರೋಗ್ಯ ಸಂಸ್ಥೆ ಕೇಳುವುದೂ ಅತಿಯೇನಲ್ಲ. ವಾರಕ್ಕೆ 150ರಿಂದ 300 ನಿಮಿಷ ಉಸಿರು ತುಸು ಏರುವಷ್ಟು ಚಟುವಟಿಕೆ, ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ. ಎರಡನೆಯ ಭಾಗವನ್ನು ವಾಕಿಂಗ್ ಒಂದೇ ಪೂರೈಸದು. ಬೈಠಕ್, ಸೂರ್ಯ ನಮಸ್ಕಾರ ಅಥವಾ ಜಿಮ್ ಬೇಕು. ಇಷ್ಟಾದರೂ 2024ರ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅಧ್ಯಯನದ ಪ್ರಕಾರ 2022ರಲ್ಲಿ ಭಾರತೀಯ ವಯಸ್ಕರಲ್ಲಿ ಅರ್ಧದಷ್ಟು ಜನ ಮೊದಲ ಭಾಗದ 150 ನಿಮಿಷವನ್ನೂ ಮುಟ್ಟಿರಲಿಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57.

ಈ ಅಂತರಕ್ಕೆ ಸೋಮಾರಿತನವನ್ನು ದೂರುವುದು ಸುಲಭ. ಆದರೆ ಹುಳಿಮಾವಿನಲ್ಲಿ ಸಂಜೆ ಏಳಕ್ಕೆ ಒಬ್ಬ ಹೆಂಗಸು ನಡೆಯಲು ಹೊರಟರೆ ಎಲ್ಲಿ ನಡೆಯಬೇಕು? ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಮೆಟ್ರೊ ಮಾರ್ಗದ ಕಾಮಗಾರಿ ಬನ್ನೇರುಘಟ್ಟ ರಸ್ತೆಯನ್ನು ವರ್ಷಗಟ್ಟಲೆ ಅಗೆದಿಟ್ಟಿತು. ಫುಟ್‌ಪಾತ್ ಇದ್ದಲ್ಲಿ ಬೈಕ್ ನಿಂತಿರುತ್ತದೆ. ಊರಿನ ಕೆರೆಯ ಏರಿ 2019ರ ನವೆಂಬರ್ 24ರಂದು ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತ್ತು. ಇಲ್ಲಿಂದ ಸ್ವಲ್ಪವೇ ದೂರದ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯ ಕತೆ ಬೇರೆ. 2010ರಲ್ಲಿ ಸುತ್ತಲಿನ ನಿವಾಸಿಗಳು ಟ್ರಸ್ಟ್ ಮಾಡಿಕೊಂಡು ಕೆರೆಗೆ ಜೀವ ತುಂಬಲು ನಿಂತರು. ಇಂದು ಅಲ್ಲಿ ನೀರಿದೆ, ಹಕ್ಕಿಗಳಿವೆ, ನಡೆಯಲು ದಾರಿಯಿದೆ. ಆ ದಾರಿಯಲ್ಲಿ ದಿನಾ ನಡೆಯುವವರ ಆರೋಗ್ಯದಲ್ಲಿ ನೆರೆಹೊರೆಯ ಪಾಲು ದೊಡ್ಡದು. ಮೆಟ್ರೊ ನಿಲ್ದಾಣಕ್ಕೆ ಹೋಗಲು 15 ನಿಮಿಷ, ಬರಲು 15 ನಿಮಿಷ ಚುರುಕಾಗಿ ನಡೆದರೆ ಐದು ದಿನಕ್ಕೆ 150 ನಿಮಿಷವಾಯಿತು. ಅದಕ್ಕೆ ಬೇಕಾದದ್ದು ಮೋರಿಯ ಚಪ್ಪಡಿ ಕುಸಿಯದ, ದೀಪ ಉರಿಯುವ ಒಂದು ಕಾಲುದಾರಿ.

ಹಾಗಾದರೆ ಈ ಮಾರ್ಗಸೂಚಿ ಗೆದ್ದಿತೇ? ಅಂಶಗಳ ಮಟ್ಟಿಗೆ ಖಂಡಿತ ಗೆದ್ದಿದೆ. ಪ್ರಮಾಣವೇ ಮುಖ್ಯ ಎಂದು ಹೇಳುವ ಧೈರ್ಯ ತೋರಿದೆ, ಮಾರುಕಟ್ಟೆಯ ಪುಡಿಗಳಿಗೆ ಮಣಿದಿಲ್ಲ. ಬೇಳೆಕಾಳು ಮತ್ತು ಮಾಂಸ ದುಬಾರಿಯಾದ್ದರಿಂದ ಜನ ಧಾನ್ಯಕ್ಕೇ ಜೋತುಬೀಳುತ್ತಾರೆ ಎಂಬುದನ್ನೂ ಒಪ್ಪಿಕೊಂಡಿದೆ. ಆದರೆ ಒಪ್ಪಿಕೊಂಡಲ್ಲಿಗೇ ನಿಂತಿದೆ. ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಓಡುವವರಿಗೆ 400 ಗ್ರಾಂ ತರಕಾರಿ, 300 ಮಿಲಿಲೀಟರ್ ಹಾಲು, 100 ಗ್ರಾಂ ಹಣ್ಣು ತಲೆಗೊಂದರಂತೆ ಕೊಳ್ಳುವುದು ಹೇಗೆ ಎಂಬುದಕ್ಕೆ ತಟ್ಟೆಯ ಚಿತ್ರದಲ್ಲಿ ಉತ್ತರವಿಲ್ಲ. ಗ್ರಾಂ ಲೆಕ್ಕವೂ ತಕ್ಕಡಿಯಿಲ್ಲದ ಅಡುಗೆಮನೆಗೆ ಒಗ್ಗುವುದಿಲ್ಲ. ಅಲ್ಲಿನ ಅಳತೆ ಪಾವು, ಹಿಡಿ, ಸೌಟು. ಒಂದು ಪಾವಿನ ಅಕ್ಕಿ ಎಷ್ಟು ಜನಕ್ಕೆ, ಕಾಳು ಎಷ್ಟು ಹಿಡಿ ಎಂದು ಹೇಳಿದ್ದರೆ ಅಡುಗೆ ಮಾಡುವವರು ನೆನಪಿಟ್ಟುಕೊಳ್ಳುತ್ತಿದ್ದರು.

ಇನ್ನೂ ದೊಡ್ಡ ಕೊರತೆ ಸಮಯದ್ದು. 400 ಗ್ರಾಂ ಸೊಪ್ಪು-ತರಕಾರಿ ಎಂದರೆ ಯಾರೋ ಕೂತು ಸೊಪ್ಪು ಬಿಡಿಸಬೇಕು, ತೊಳೆಯಬೇಕು, ಹೆಚ್ಚಬೇಕು. ಹೆಚ್ಚಿನ ಮನೆಗಳಲ್ಲಿ ಆ ‘ಯಾರೋ’ ಆಫೀಸಿನಿಂದ ಏಳೂವರೆಗೆ ಬಂದು ಸೆರಗು ಸಿಕ್ಕಿಸಿದ ಹೆಂಗಸು. ವಾರದ 150 ನಿಮಿಷ ಮುಟ್ಟದ ಶೇ 57ರಲ್ಲಿ ಅವಳೂ ಒಬ್ಬಳು. ಗಂಡನ, ಮಕ್ಕಳ ತಟ್ಟೆ ಸಮತೋಲನವಾಗಲು ಅವಳ ನಡಿಗೆಯ ಅರ್ಧ ಗಂಟೆ ಖರ್ಚಾದರೆ ಆ ಮನೆಯ ಲೆಕ್ಕ ತಪ್ಪಿದಂತೆ.

ಡಿಸೆಂಬರ್-ಜನವರಿಯಲ್ಲಿ ಸೊಗಡಿನ ಅವರೆಕಾಯಿ ಮನೆಗೆ ಬಂದಾಗ ಮಾತ್ರ ಈ ಲೆಕ್ಕ ಬೇರೆಯಾಗುತ್ತದೆ. ರಾತ್ರಿ ನೆನೆಹಾಕಿದ ಕಾಳಿನ ಪಾತ್ರೆಯನ್ನು ನಡುಮನೆಗೆ ತಂದಿಡುತ್ತಾರೆ. ಅಜ್ಜಿ, ಮಕ್ಕಳು, ಟೀವಿ ನೋಡುತ್ತಿದ್ದ ಅಪ್ಪ ಎಲ್ಲರೂ ಸುತ್ತ ಕೂತು ಒಂದೊಂದೇ ಕಾಳನ್ನು ಹಿತಕುತ್ತಾರೆ. ಅರ್ಧ ಗಂಟೆಯಲ್ಲಿ ಮನೆ ಮಂದಿಗಾಗುವಷ್ಟು ಹಿತಕಿದಬೇಳೆ ಸಿದ್ಧ. ಅಮ್ಮ ಚಪ್ಪಲಿ ಮೆಟ್ಟಿ ಒಂದು ಸುತ್ತು ನಡೆದು ಬರುವಷ್ಟು ಹೊತ್ತು ಉಳಿದಿರುತ್ತದೆ.