‘ರಾಷ್ಟ್ರಪತಿ’ ಶಬ್ದದ ಅರ್ಥವಿಚಾರ

ಯಲಹಂಕದ ನಾಡಪ್ರಭುಗಳಲ್ಲಿ ಪ್ರಸಿದ್ಧರಾದ ಹಿರಿಯ ಕೆಂಪೇಗೌಡರು ಭೈರವನ ಹೆಸರಿನ ನಾಣ್ಯವನ್ನು ಅಪ್ಪಣೆಯಿಲ್ಲದೆ ಟಂಕಿಸಿದರೆಂಬ ಕಾರಣದಿಂದ ವಿಜಯನಗರದ ಅರಸರ ಕೋಪಕ್ಕೆ ಗುರಿಯಾಗಿ, ಆನೆಗೊಂದಿಯ ಸೆರೆಯಲ್ಲಿ ಐದು ವರ್ಷ ಕಳೆದರೆಂದು ಐತಿಹ್ಯವುಂಟು. ಅವರು ೧೫೩೭ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದ್ದು ಅಪರಾಧವೆನಿಸಲಿಲ್ಲ. ಕೆರೆಗಳನ್ನು ತೋಡಿಸಿದ್ದೂ ಅಪರಾಧವೆನಿಸಲಿಲ್ಲ. ಮುದ್ರೆಯೊತ್ತಿದ್ದು ಮಾತ್ರ ಅಪರಾಧವಾಯಿತು. ಮುದ್ರೆ ಯಾರದೋ ಅಧಿಕಾರವೂ ಅವರದೇ ಎಂಬುದು ಆ ಕಾಲದ ನಿಶ್ಚಯವಾಗಿದ್ದುದೇ ಇದಕ್ಕೆ ಕಾರಣ.

೧೯೫೦ನೆಯ ಇಸವಿ ಜನವರಿ ೨೬ರಂದು ಜಾರಿಗೆ ಬಂದ ಭಾರತದ ಸಂವಿಧಾನವು ಈ ಎರಡನ್ನೂ ಬೇರ್ಪಡಿಸಿತು. ಮುದ್ರೆ ರಾಷ್ಟ್ರಪತಿಗಳದು, ಕಾರ್ಯಭಾರ ಮಂತ್ರಿಮಂಡಲದ್ದು. ಆದರೆ ಸಂವಿಧಾನದ ವಾಕ್ಯಗಳು ಹಳೆಯ ರೀತಿಯಲ್ಲಿಯೇ ಇವೆ. ೫೩ನೆಯ ಅನುಚ್ಛೇದವು ಕೇಂದ್ರದ ಕಾರ್ಯಾಧಿಕಾರವೆಲ್ಲ ರಾಷ್ಟ್ರಪತಿಗಳಲ್ಲಿ ನಿಹಿತವಾಗಿದೆಯೆನ್ನುತ್ತದೆ; ೧೫೪ನೆಯದು ರಾಜ್ಯಪಾಲರ ವಿಷಯದಲ್ಲಿ ಅದನ್ನೇ ಹೇಳುತ್ತದೆ. ಈ ವಾಕ್ಯಗಳಿಗೆ ಅರ್ಥವೇನು? ಇದು ನ್ಯಾಯವಾದಿಗಳ ಪ್ರಶ್ನೆ ಮಾತ್ರವಲ್ಲ, ಶಬ್ದಾರ್ಥವನ್ನು ವಿಚಾರಿಸುವವರ ಪ್ರಶ್ನೆಯೂ ಹೌದು.

ಮುಖ್ಯಾರ್ಥವು ಬಾಧಿತವಾದಾಗ, ಅದರೊಡನೆ ಸಂಬಂಧವುಳ್ಳ ಬೇರೊಂದು ಅರ್ಥವನ್ನು, ರೂಢಿಯಿಂದಾಗಲಿ ಪ್ರಯೋಜನದಿಂದಾಗಲಿ ಗ್ರಹಿಸುವುದು ಲಕ್ಷಣೆಯೆಂದು ಆಲಂಕಾರಿಕರ ಮತ. ‘ಅವರ ಮನೆ ಹೆಬ್ಬಾಳದ ಕೆರೆಯ ಮೇಲೆಯೇ ಇದೆ’ ಎಂದರೆ ಕೇಳಿದವನು ನೀರಿನ ಮೇಲೆ ತೇಲುವ ಮನೆಯನ್ನು ಊಹಿಸುವುದಿಲ್ಲ. ಕೆರೆಯ ಏರಿಗೆ ಹತ್ತಿರದ ಮನೆಯೆಂದು ತಿಳಿಯುತ್ತಾನೆ. ಹಾಗಾದರೆ ‘ಏರಿಯ ಬಳಿ’ ಎಂದೇ ಹೇಳಬಾರದಿತ್ತೆ? ಹೇಳಿದ್ದರೆ ಆ ಮನೆಯ ತಂಗಾಳಿ ಮಾತಿನಲ್ಲಿ ಬರುತ್ತಿರಲಿಲ್ಲ. ಲಕ್ಷಣೆಯ ಪ್ರಯೋಜನವೆಂಬುದು ಅದೇ.

೫೩ನೆಯ ಅನುಚ್ಛೇದವನ್ನು ಹೀಗೆಯೇ ಓದಬೇಕು. ಮಂತ್ರಿಮಂಡಲದ ಸಲಹೆಯನ್ನು ವಿಧಿಸುವ ೭೪ನೆಯ ಅನುಚ್ಛೇದದಿಂದ ಮುಖ್ಯಾರ್ಥಕ್ಕೆ ಬಾಧೆಯುಂಟಾಗುತ್ತದೆ. ಸರ್ಕಾರದ ಕಾರ್ಯಗಳೆಲ್ಲ ರಾಷ್ಟ್ರಪತಿಗಳ ಹೆಸರಿನಲ್ಲಿಯೇ ನಡೆಯತಕ್ಕದ್ದೆಂಬ ೭೭ನೆಯದರಿಂದ ಸಂಬಂಧವು ಸಿದ್ಧಿಸುತ್ತದೆ. ಆದಕಾರಣ ಅಧಿಕಾರವು ಲೋಕಸಭೆಗೆ ಉತ್ತರವಾದಿಯಾದ ಮಂತ್ರಿಮಂಡಲದ್ದೆಂಬುದೇ ಲಕ್ಷ್ಯಾರ್ಥ. ೧೯೭೪ರಲ್ಲಿ ಶಂಶೇರ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಡಿದ ನಿರ್ಣಯದ ಸಾರವೂ ಇದೇ.

ಇಷ್ಟಕ್ಕೇ ನಿಂತವರು ರಾಷ್ಟ್ರಪತಿಗಳನ್ನು ‘ರಬ್ಬರ್ ಮೊಹರು’ ಎಂದು ಹಾಸ್ಯ ಮಾಡುತ್ತಾರೆ. ಅವರು ಲಕ್ಷ್ಯಾರ್ಥವನ್ನು ಹಿಡಿದು ಪ್ರಯೋಜನವನ್ನು ಬಿಟ್ಟವರು. ಆ ಪ್ರಯೋಜನವಾವುದು? ಪ್ರಮಾಣವಚನಗಳನ್ನು ಹೋಲಿಸಿದರೆ ತಿಳಿಯುತ್ತದೆ. ಮಂತ್ರಿಯಾದವರು ಸಂವಿಧಾನಕ್ಕೆ ನಿಷ್ಠರಾಗಿರುವೆವೆಂದು ಪ್ರಮಾಣ ಮಾಡುತ್ತಾರೆ. ರಾಷ್ಟ್ರಪತಿಗಳಾದರೋ ಅದನ್ನು ಕಾಪಾಡಿ ರಕ್ಷಿಸುವೆವೆಂದು ಪ್ರಮಾಣ ಮಾಡುತ್ತಾರೆ. ‘ಪತಿ’ಯೆಂದರೆ ಒಡೆಯನೆಂದು ಲೋಕರೂಢಿ, ರಕ್ಷಣಾರ್ಥದ ಧಾತುವಿನಿಂದ ಆ ಶಬ್ದವನ್ನು ಸಾಧಿಸುವವರಿಗೆ ರಕ್ಷಿಸುವವನೇ ಪತಿ. ‘ರಾಜ್ಯಪಾಲ’ ಶಬ್ದದಲ್ಲಿ ಈ ಅರ್ಥವು ಇನ್ನೂ ಸ್ಫುಟ. ರಾಜ್ಯವು ಗೆದ್ದ ಪಕ್ಷದ ಸೊತ್ತಲ್ಲವೆಂಬುದನ್ನು ಸದಾ ನೆನಪಿಗೆ ತರುವುದೇ ಆ ಹೆಸರಿನಲ್ಲಿ ಕಾರ್ಯ ನಡೆಸುವುದರ ಪ್ರಯೋಜನ.

ಕನ್ನಡನಾಡಿನ ಅನುಭವವು ಈ ಅರ್ಥಭೇದಕ್ಕೆ ಒಳ್ಳೆಯ ಉದಾಹರಣೆ. ಶ್ರೀ ಜಯಚಾಮರಾಜ ಒಡೆಯರವರು ೧೯೪೦ರಲ್ಲಿ ಪಟ್ಟಕ್ಕೆ ಬಂದಾಗ ಮುದ್ರೆಯೂ ಅಧಿಕಾರವೂ ಅರಮನೆಯಲ್ಲಿಯೇ ಇದ್ದುವು. ೧೯೪೭ರ ‘ಮೈಸೂರು ಚಲೋ’ ಚಳವಳಿಯ ತರುವಾಯ ಅದೇ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಜವಾಬ್ದಾರಿ ಸರ್ಕಾರವು ಏರ್ಪಟ್ಟಿತು. ೧೯೫೦ರಿಂದ ಒಡೆಯರವರು ರಾಜಪ್ರಮುಖರಾದರು. ೧೯೫೬ನೆಯ ನವೆಂಬರ್ ೧ರಿಂದ ವಿಶಾಲ ಮೈಸೂರಿನ ರಾಜ್ಯಪಾಲರಾದರು. ಮಹಾರಾಜ, ರಾಜಪ್ರಮುಖ, ರಾಜ್ಯಪಾಲ: ವ್ಯಕ್ತಿ ಒಬ್ಬರೇ, ಶಬ್ದಗಳು ಮೂರು. ಹುಟ್ಟಿನಿಂದ ಬಂದ ಗೌರವವು ಮೊದಲು ಒಪ್ಪಂದದಿಂದ, ಬಳಿಕ ನೇಮಕದಿಂದ ಬಂದ ಗೌರವವಾಗಿ ಮಾರ್ಪಟ್ಟಿತು. ಒಂದು ಸಂಸ್ಥಾನವು ಪ್ರಜಾರಾಜ್ಯವಾಗುವಾಗ ಜನರ ಕಣ್ಣಿಗೆ ಪರಿಚಿತವಾದ ಒಂದು ಮುಖವು ಉಳಿದುದು ಸಣ್ಣ ಉಪಕಾರವಲ್ಲ.

ಇನ್ನು ಪರೀಕ್ಷೆಯ ಕಾಲವನ್ನು ನೋಡೋಣ. ಜಮಖಂಡಿಯ ಸೀಮೆಯ ಸಾವಳಗಿಯಲ್ಲಿ ಹುಟ್ಟಿ, ೧೯೫೮ರಿಂದ ೧೯೬೨ರ ವರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ ಬಿ. ಡಿ. ಜತ್ತಿಯವರು ಮುಂದೆ ಉಪರಾಷ್ಟ್ರಪತಿಗಳಾದರು. ೧೯೭೭ನೆಯ ಫೆಬ್ರವರಿ ೧೧ರಂದು ಫಕ್ರುದ್ದೀನ್ ಅಲಿ ಅಹಮದರು ಮೃತರಾಗಲು, ಜತ್ತಿಯವರು ಜುಲೈ ೨೫ರ ವರೆಗೆ ರಾಷ್ಟ್ರಪತಿಗಳ ಕಾರ್ಯವನ್ನು ನಿರ್ವಹಿಸಿದರು. ಹೊಸದಾಗಿ ಬಂದ ಮೊರಾರ್ಜಿ ದೇಸಾಯಿಯವರ ಸರ್ಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಸಲಹೆಯಿತ್ತಾಗ ಅವರು ಕೂಡಲೇ ಅಂಕಿತ ಹಾಕಲಿಲ್ಲ; ಕೊಂಚ ತಡೆದು ಏಪ್ರಿಲ್ ೩೦ರಂದು ಹಾಕಿದರು. ಅದರ ಹಿಂದಿನ ವರ್ಷದ ೪೨ನೆಯ ತಿದ್ದುಪಡಿಯು ಸಲಹೆಯಂತೆಯೇ ನಡೆಯತಕ್ಕದ್ದೆಂದು ಕಟ್ಟುಮಾಡಿದ್ದಿತು. ಹೀಗಿರಲು ಆ ತಡೆಯು ದೋಷವೋ ಗುಣವೋ?

ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆ ಒಂಬತ್ತು ಸಭೆಗಳು ಕಾಂಗ್ರೆಸ್ಸಿನವು. ಜತ್ತಿಯವರೂ ಆ ಪಕ್ಷದಲ್ಲಿಯೇ ಬೆಳೆದವರು. ಆದುದರಿಂದ ಪಕ್ಷಪಾತದ ಶಂಕೆ ಹುಟ್ಟಿದ್ದು ಸಹಜ. ಆದರೂ ಕೋಟ್ಯಂತರ ಮತದಾರರು ಆರಿಸಿದ ಸಭೆಗಳನ್ನು ಒಂದು ಲೇಖನಿಯ ಗೆರೆಯಿಂದ ಅಳಿಸುವ ಮುನ್ನ ಕೈ ಒಂದು ಗಳಿಗೆ ತಡೆದರೆ ಪ್ರಜಾರಾಜ್ಯಕ್ಕೆ ಹಾನಿಯಿಲ್ಲ. ನಿರಾಕರಿಸಿದ್ದರೆ ಅದು ಮುಖ್ಯಾರ್ಥದ ಹಠವಾಗುತ್ತಿತ್ತು. ತಡೆದು, ವಿಚಾರಿಸಿ, ಕಡೆಗೆ ಅಂಕಿತ ಹಾಕಿದ್ದು ಲಕ್ಷ್ಯಾರ್ಥಕ್ಕೆ ವಿರೋಧವಲ್ಲ. ಅದರಲ್ಲಿ ಕೊರತೆಯೊಂದಿದ್ದರೆ, ಹಾಗೆ ತಡೆಯಲು ಆಗ ವಿಧಿಯ ಆಧಾರವಿರಲಿಲ್ಲವೆಂಬುದೇ. ೧೯೭೮ರ ೪೪ನೆಯ ತಿದ್ದುಪಡಿಯು ಆ ಕೊರತೆಯನ್ನು ತುಂಬಿತು: ಸಲಹೆಯನ್ನು ಒಂದು ಸಲ ಪುನರ್ವಿಚಾರಕ್ಕೆ ಕಳುಹಿಸಬಹುದು, ಅದು ಮರಳಿ ಬಂದರೆ ಅದರಂತೆ ನಡೆಯಬೇಕು. ೧೯೯೭ರಲ್ಲಿ ಕೆ. ಆರ್. ನಾರಾಯಣನ್ ಅವರು ಉತ್ತರಪ್ರದೇಶದ ವಿಷಯವಾಗಿ ಈ ಅವಕಾಶವನ್ನು ಬಳಸಲು, ಗುಜರಾಲರ ಮಂತ್ರಿಮಂಡಲವು ತನ್ನ ಸಲಹೆಯನ್ನು ಬಿಟ್ಟುಕೊಟ್ಟಿತು. ಒಂದು ಪ್ರಶ್ನೆಯಿಂದ ಒಂದು ಸರ್ಕಾರ ಉಳಿಯಿತು.

ಇದಕ್ಕೆ ಪ್ರತಿಯಾದ ಉದಾಹರಣೆ ಬೆಂಗಳೂರಿನದೇ. ೧೯೮೯ನೆಯ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರಿಗೆ ತಮ್ಮ ಬೆಂಬಲವಿಲ್ಲವೆಂದು ೧೯ ಮಂದಿ ಶಾಸಕರ ಹೆಸರಿನ ಪತ್ರಗಳು ರಾಜಭವನವನ್ನು ತಲಪಿದುವು. ಅವರಲ್ಲಿ ಏಳು ಮಂದಿ ಮರುದಿನವೇ ಮಾತು ಬದಲಿಸಿದರು. ಸಭೆಯಲ್ಲಿಯೇ ಬಹುಮತವನ್ನು ತೋರಿಸುವೆನೆಂದು ಮುಖ್ಯಮಂತ್ರಿಗಳು ಬೇಡಿದರು. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ಅದಕ್ಕೆ ಅವಕಾಶ ಕೊಡದೆ ದೆಹಲಿಗೆ ವರದಿ ಕಳುಹಿಸಿದರು. ಏಪ್ರಿಲ್ ೨೧ರಂದು ಸರ್ಕಾರವು ವಜಾ ಆಯಿತು. ಸಭೆಯು ಎಣಿಸಬೇಕಾದ ತಲೆಗಳನ್ನು ರಾಜಭವನವು ಕಾಗದದಲ್ಲಿ ಎಣಿಸಿತು. ೧೯೯೪ನೆಯ ಮಾರ್ಚ್ ೧೧ರಂದು ಒಂಬತ್ತು ನ್ಯಾಯಾಧೀಶರ ಪೀಠವು ಈ ಕ್ರಮವನ್ನು ಅಸಾಂವಿಧಾನಿಕವೆಂದು ಸಾರಿ, ಬಹುಮತದ ಪರೀಕ್ಷೆಗೆ ಸಭೆಯೇ ಸ್ಥಾನವೆಂದು ನಿರ್ಣಯಿಸಿತು. ಆದರೆ ಹೋದ ಸರ್ಕಾರವು ಮರಳಿ ಬರಲಿಲ್ಲ.

ಒಂದೇ ಬಗೆಯ ಹುದ್ದೆಗಳಲ್ಲಿ ಇಷ್ಟು ಅಂತರವೇಕೆ? ವ್ಯಕ್ತಿಗಳ ಸ್ವಭಾವವನ್ನು ಮಾತ್ರ ಕಾರಣವೆಂದರೆ ವಿಮರ್ಶೆ ಮುಗಿಯದು. ರಾಷ್ಟ್ರಪತಿಗಳನ್ನು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸುತ್ತಾರೆ. ಮಹಾಭಿಯೋಗವಿಲ್ಲದೆ ಅವರನ್ನು ತೆಗೆಯಲಾಗದು. ರಾಜ್ಯಪಾಲರಾದರೋ ನೇಮಕಗೊಂಡವರು, ೧೫೬ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳ ‘ಇಷ್ಟ’ವಿರುವ ವರೆಗೆ ಇರತಕ್ಕವರು. ಆ ಇಷ್ಟವೂ ಲಕ್ಷಣೆಯಿಂದ ದೆಹಲಿಯ ಮಂತ್ರಿಮಂಡಲದ ಇಷ್ಟವೇ ಆಗುತ್ತದೆ. ಮೇಲಿನವರ ಇಷ್ಟದಿಂದ ಉಳಿದಿರುವ ಪಾಲಕನು ಅವರಿಗೆ ಇಷ್ಟವಲ್ಲದ ಸಭೆಯನ್ನು ಪಾಲಿಸುವುದು ಕಷ್ಟ. ಈ ದೋಷವು ಶಬ್ದದ್ದಲ್ಲ, ರಚನೆಯದು. ಅದನ್ನು ತಿದ್ದಬೇಕಾದವರು ಶಾಸನ ಮಾಡುವವರು.

ಸಲಹೆ ಬಂದ ಕ್ಷಣಕ್ಕೂ ಅಂಕಿತ ಬೀಳುವ ಕ್ಷಣಕ್ಕೂ ನಡುವೆ ಇರುವ ಆ ಅಲ್ಪಾವಕಾಶವೇ ಅಲಂಕಾರಪ್ರಾಯವೆನಿಸುವ ಈ ಪದವಿಯ ನಿಜವಾದ ಕ್ಷೇತ್ರ. ಅಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳದವರು ಪದವಿಯನ್ನು ಬರಿದುಮಾಡುತ್ತಾರೆ; ಪ್ರಶ್ನೆಗೆ ತಾವೇ ಉತ್ತರವನ್ನೂ ಕೊಡಹೊರಟವರು ಸಭೆಯನ್ನು ಬರಿದುಮಾಡುತ್ತಾರೆ. ಯಲಹಂಕದ ಪ್ರಭುಗಳು ಸ್ವಂತ ಮುದ್ರೆಯೊತ್ತಿ ಸೆರೆ ಕಂಡರು. ಇಂದು ಆ ಪೀಠಗಳಲ್ಲಿ ಕುಳಿತವರ ಕೈಯಲ್ಲಿರುವುದು ಜನರ ಮುದ್ರೆ. ಅದನ್ನು ತಮ್ಮದೆಂದು ಬಗೆಯುವುದೂ, ಯಾರದೂ ಅಲ್ಲವೆಂದು ಬಗೆಯುವುದೂ ಸಮಾನವಾದ ಅಪರಾಧಗಳು.