ಒಂದೇ ಪ್ರತಿಯ ಭರವಸೆ

ಪ್ರವಾಸದಲ್ಲಿ ತೆಗೆದ ಫೋಟೋಗಳನ್ನು ಕಾಪಾಡಲೆಂದು 2004ರಲ್ಲಿ ಎಪ್ಸನ್ ಕಂಪನಿ ಪಿ-2000 ಎಂಬ ಪುಟ್ಟ ಪೆಟ್ಟಿಗೆ ತಂದಿತು. 40 ಜಿಬಿ ಹಾರ್ಡ್ ಡಿಸ್ಕ್, 3.8 ಇಂಚಿನ ಪರದೆ. ಕಂಪ್ಯೂಟರಿನ ಹಂಗಿಲ್ಲದೆ ಕ್ಯಾಮೆರಾ ಕಾರ್ಡಿನ ಚಿತ್ರಗಳೆಲ್ಲ ಅದರೊಳಗೆ ಇಳಿಯುತ್ತಿದ್ದವು. ಆ ಜಾಣ್ಮೆಯನ್ನು ನಾನೂ ಮೆಚ್ಚುತ್ತೇನೆ. ಆದರೆ ಚಿತ್ರ ಇಳಿಸಿದ ಮೇಲೆ ಕಾರ್ಡನ್ನು ಅಳಿಸಿ ಮತ್ತೆ ತುಂಬಿಸಿದರೆ ಉಳಿಯುವುದು ಒಂದೇ ಪ್ರತಿ. ಅದೂ ಗರಗರ ತಿರುಗುವ ತಟ್ಟೆಯ ಮೇಲೆ. ಕೈಜಾರಿ ಬಿದ್ದರೆ? ಇದು ಕಾಪಾಡಿದಂತಲ್ಲ, ಜಾಗ ಬದಲಿಸಿದಂತೆ. ಇದ್ದಬದ್ದ ಒಡವೆಯನ್ನೆಲ್ಲ ಒಂದೇ ಚೀಲದಲ್ಲಿಟ್ಟು ಯಾವ ಹೆಂಗಸು ಬಸ್ಸು ಹತ್ತುತ್ತಾಳೆ, ನೀವೇ ಹೇಳಿ. ಇಂದಿನ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ನಿಜ. ಆದರೆ ಕಳೆದುಹೋಗುವ ಭಯ ತಪ್ಪಿಲ್ಲ. ಎರಡು ಪ್ರತಿ, ಎರಡು ಚೀಲ ಇರಲಿ. ಕಾಶಿಯ ಮೆಟ್ಟಿಲ ಮೇಲೆ ಅಮ್ಮ ನಕ್ಕ ನಗೆಯನ್ನು ಯಾವ ಅಂಗಡಿಯೂ ಮತ್ತೆ ಮಾರುವುದಿಲ್ಲ.