ಮೈಕು ತೆರೆದಿದೆ, ಕಿವಿ ತೆರೆದಿದೆಯೇ?

ಯಾರು ಬೇಕಾದರೂ ಬಂದು ಹಾಡಬಹುದು. ‘ಓಪನ್ ಮೈಕ್’ ಎಂಬ ಹೆಸರಿನೊಳಗಿರುವ ಭರವಸೆ ಇಷ್ಟೇ. ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ, ಪುಸ್ತಕ ಮಳಿಗೆಗಳ ಮಹಡಿಯಲ್ಲಿ, ಬಾರ್‌ಗಳ ಮೂಲೆಯಲ್ಲಿ ವಾರದ ನಡುವಿನ ಸಂಜೆಗಳಂದು ಇಂಥ ಕೂಟಗಳು ನಡೆಯುತ್ತವೆ. ಒಂದು ಮೈಕು, ಒಂದು ಸ್ಪೀಕರ್, ಬಾಗಿಲ ಬಳಿ ಹೆಸರು ಬರೆದುಕೊಳ್ಳಲು ಒಂದು ಹಾಳೆ. ಒಬ್ಬೊಬ್ಬರಿಗೆ ಎರಡು ಹಾಡು ಅಥವಾ ಹತ್ತು ನಿಮಿಷ. ಆಯ್ಕೆ ಸಮಿತಿ ಇಲ್ಲ, ಶಿಫಾರಸು ಪತ್ರ ಬೇಕಿಲ್ಲ, ಗುರು ಯಾರೆಂದು ಕೇಳುವವರಿಲ್ಲ. ಕಛೇರಿಯ ಅವಕಾಶಕ್ಕಾಗಿ ಸಭೆಗಳ ಕಾರ್ಯದರ್ಶಿಗಳ ಮನೆಗೆ ಅಲೆದವರಿಗೆ ಇದೆಂಥ ಬಿಡುಗಡೆ ಎಂಬುದನ್ನು ಹೇಳಬೇಕಿಲ್ಲ. ಹಾಗಾಗಿಯೇ ಈ ಭರವಸೆಯನ್ನು ಗಂಭೀರವಾಗಿ ತೆಗೆದುಕೊಂಡು, ಅದು ಎಷ್ಟರಮಟ್ಟಿಗೆ ಈಡೇರಿದೆ ಎಂದು ಕೇಳುವುದು ಅಗತ್ಯ.

ಮೊದಲ ತೊಡಕು ಹಾಡುವವರದ್ದಲ್ಲ, ಕೇಳುವವರದ್ದು. ಇಂಥ ಕೂಟಗಳಲ್ಲಿ ಪ್ರೇಕ್ಷಕರೆಂದರೆ ಬಹುಪಾಲು ಹಾಡುವವರೇ, ಇಲ್ಲವೇ ಅವರ ಗೆಳೆಯರು. ಒಬ್ಬ ಹುಡುಗ ನಾಲ್ವರು ಸ್ನೇಹಿತರೊಂದಿಗೆ ಬರುತ್ತಾನೆ, ಹಾಡುತ್ತಾನೆ, ನಾಲ್ವರೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಾರೆ, ಮುಂದಿನವಳು ತಂತಿ ಶ್ರುತಿ ಮಾಡಿಕೊಳ್ಳುವ ಹೊತ್ತಿಗೆ ಐದೂ ಕುರ್ಚಿ ಖಾಲಿ. ಬಂದ ಪುಟ್ಟ ಹೋದ ಪುಟ್ಟ. ಪಟ್ಟಿಯ ಕೊನೆಯ ಹೆಸರಿನವರು ನಿರ್ವಾಹಕನಿಗೂ ಲೋಟ ಎತ್ತುವ ಹುಡುಗನಿಗೂ ಹಾಡುತ್ತಾರೆ. ಎಲ್ಲರೂ ಮಾತಾಡಬಹುದಾದ, ಯಾರೂ ಕೇಳಬೇಕಿಲ್ಲದ ಜಾಗವನ್ನು ‘ಮುಕ್ತ’ ಎನ್ನಬಹುದೇ?

ನಮ್ಮ ಹಳೆಯ ಕೂಟಗಳು ಈ ತೊಡಕನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದವು. ಮುಶಾಯಿರಾವನ್ನೇ ನೋಡಿ. ಅಲ್ಲಿ ಹೊಸಬರು ಮೊದಲು ಓದುತ್ತಾರೆ, ಹಿರಿಯರ ಸರದಿ ಕೊನೆಗೆ. ದೊಡ್ಡ ಕವಿಯನ್ನು ಕೇಳಬೇಕೆಂದು ಬಂದವನು ಕಿರಿಯರನ್ನೂ ಕೇಳಿಯೇ ತೀರಬೇಕು. ಅಷ್ಟೇ ಅಲ್ಲ, ಹಿರಿಯರೂ ಅಷ್ಟು ಹೊತ್ತು ವೇದಿಕೆಯ ಮೇಲೆ ಕುಳಿತು ‘ವಾಹ್’ ಎನ್ನುತ್ತಿರಬೇಕು. ಉತ್ತರ ಕರ್ನಾಟಕದ ಗೀಗೀ ಮೇಳಗಳ ಹರದೇಶಿ–ನಾಗೇಶಿ ವಾದದಲ್ಲಂತೂ ಕೇಳದೆ ಹಾಡಲಿಕ್ಕೇ ಬರುವುದಿಲ್ಲ. ಎದುರಿನವರು ಎತ್ತಿದ ಪ್ರಶ್ನೆಗೆ ಪದದಲ್ಲೇ ಉತ್ತರ ಕೊಡಬೇಕು. ಕಿವಿ ಮುಚ್ಚಿಕೊಂಡವನು ಸೋತಂತೆಯೇ. ಇನ್ನು ತತ್ವಪದದ ಭಜನೆಯಲ್ಲಿ ಒಬ್ಬ ಎತ್ತಿದ ಪಲ್ಲವಿಯನ್ನು ಉಳಿದವರು ಹಿಡಿಯುತ್ತಾರೆ, ಹಾಡುಗಾರ–ಕೇಳುಗ ಎಂಬ ಗೆರೆಯೇ ಅಳಿಸಿಹೋಗುತ್ತದೆ. ಈ ಕೂಟಗಳು ಎಲ್ಲರಿಗೂ ತೆರೆದಿದ್ದವೆಂದು ನಾನು ಹೇಳುತ್ತಿಲ್ಲ. ಜಾತಿ, ಲಿಂಗದ ಬೇಲಿಗಳು ಅಲ್ಲೂ ಸಾಕಷ್ಟಿದ್ದವು. ಆದರೆ ಕೇಳುವುದನ್ನು ಅವು ಶಿಷ್ಟಾಚಾರಕ್ಕೆ ಬಿಡದೆ ಕೂಟದ ರಚನೆಯೊಳಗೇ ಹೆಣೆದಿದ್ದವು.

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಬ್ಲೂಬರ್ಡ್ ಕೆಫೆ ಎಂಬ ಪುಟ್ಟ ಜಾಗವಿದೆ. ಏಮಿ ಕರ್ಲೆಂಡ್ ಎಂಬಾಕೆ 1982ರಲ್ಲಿ ತೆರೆದದ್ದು. ಕುರ್ಚಿಗಳು ಸುಮಾರು 90 ಮಾತ್ರ. ಅಲ್ಲಿನ ಪ್ರಸಿದ್ಧ ನಿಯಮ ಒಂದೇ: ಶ್! ಹಾಡು ನಡೆಯುವಾಗ ಮಾತಾಡಿದರೆ ಸುಮ್ಮನಿರುವಂತೆ ಹೇಳುತ್ತಾರೆ, ಗಿರಾಕಿ ಎಂಥ ದೊಡ್ಡವನಾದರೂ ಸರಿ. ಅಲ್ಲಿನ ಓಪನ್ ಮೈಕಿನಲ್ಲಿ ಹಾಡುವವರು ಸ್ವಂತ ಹಾಡನ್ನೇ ಹಾಡಬೇಕು. ಊಟ–ಪಾನೀಯ ಮಾರಿ ಬದುಕುವ ಅಂಗಡಿಯೊಂದು ಮೌನವನ್ನು ಪಾಲಿಸಿಯೂ ನಾಲ್ಕು ದಶಕ ದಾಟಿದೆ ಎಂಬುದನ್ನು ನಮ್ಮ ಮಾಲೀಕರು ಗಮನಿಸಬೇಕು. ನಮ್ಮಲ್ಲಿ ಹಾಡಿನ ನಡುವೆ ಕಾಫಿ ಯಂತ್ರ ಬುಸುಗುಟ್ಟುತ್ತದೆ, ಆರ್ಡರ್ ಕೂಗಲಾಗುತ್ತದೆ, ಹಾಡುಗಾರ ನಗುತ್ತಲೇ ಸಹಿಸಿಕೊಳ್ಳುತ್ತಾನೆ.

ಈ ಎಲ್ಲದರ ನಡುವೆ ನಿಂತವನು ನಿರ್ವಾಹಕ. ಆತನ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಇಪ್ಪತ್ತು ಹೆಸರುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು, ನಡುಗುತ್ತಿರುವ ಹೊಸಬಳನ್ನು ಯಾರ ನಂತರ ನಿಲ್ಲಿಸಿದರೆ ಆಕೆ ಕುಗ್ಗುವುದಿಲ್ಲ, ಮೂರನೇ ಹಾಡಿಗೆ ಕೈ ಹಾಕಿದವನನ್ನು ಅವಮಾನವಾಗದಂತೆ ಇಳಿಸುವುದು ಹೇಗೆ, ಗಿಟಾರಿನ ಸದ್ದು ಕಂಠವನ್ನು ನುಂಗದಂತೆ ಗುಂಡಿ ತಿರುಗಿಸುವುದು ಎಷ್ಟು? ಒಳ್ಳೆಯ ನಿರ್ವಾಹಕ ಮಾತು ಕಡಿಮೆ ಆಡುತ್ತಾನೆ, ಹೆಸರನ್ನು ಸರಿಯಾಗಿ ಉಚ್ಚರಿಸುತ್ತಾನೆ. ಕೆಟ್ಟವನು ಎರಡು ಹಾಡುಗಳ ನಡುವೆ ತನ್ನದೇ ಹಾಸ್ಯ ಕಾರ್ಯಕ್ರಮ ನಡೆಸುತ್ತಾನೆ. ನಾನು ಕಂಡ ಕೂಟಗಳಲ್ಲಿ ಎರಡನೆಯವರೇ ಹೆಚ್ಚು.

ದುಡ್ಡಿನ ವಿಷಯಕ್ಕೆ ಬಂದರೆ ಚಿತ್ರ ಇನ್ನಷ್ಟು ವಿಚಿತ್ರ. ಹಲವು ಕಡೆ ಕೇಳುವವನು ಮಾತ್ರವಲ್ಲ, ಹಾಡುವವನೂ ಶುಲ್ಕ ಕೊಡಬೇಕು. ಮೇಲೆ ಕಾಫಿಯನ್ನೂ ಕೊಳ್ಳಬೇಕು. ಖಾಲಿ ಬೀಳುವ ಮಂಗಳವಾರದ ಸಂಜೆಯನ್ನು ತುಂಬಿಸಿಕೊಟ್ಟವನೇ ಅದಕ್ಕೆ ಬೆಲೆಯನ್ನೂ ತೆರುತ್ತಾನೆ. ಇದನ್ನು ‘ಪ್ರತಿಭೆಗೆ ವೇದಿಕೆ’ ಎಂದು ಕರೆಯಲಾಗುತ್ತದೆ!

ಇನ್ನು ‘ಯಾರು ಬೇಕಾದರೂ’ ಎಂಬ ಮಾತು. ಕೂಟ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ರಾತ್ರಿ ಎಂಟಕ್ಕೆ ಶುರುವಾಗುತ್ತದೆ. ಒಂಬತ್ತೂವರೆಗೆ ಬಾಗಿಲು ಹಾಕುವ ಹಾಸ್ಟೆಲಿನ ಹುಡುಗಿ ಬರುವಂತಿಲ್ಲ. ಮದ್ಯ ಮಾರುವ ಜಾಗವಾದರೆ ಹಲವು ಮನೆಗಳ ಮಕ್ಕಳು, ನಮ್ಮ ಮನೆಗಳವರೂ ಸೇರಿ, ಹೊಸ್ತಿಲಲ್ಲೇ ಹಿಂದಿರುಗುತ್ತಾರೆ. ಪ್ರಕಟಣೆ, ಸ್ವಾಗತ, ಧನ್ಯವಾದ ಎಲ್ಲವೂ ಇಂಗ್ಲಿಷಿನಲ್ಲಿ. ಹಾಡುಗಳು ಇಂಗ್ಲಿಷ್, ಹಿಂದಿ, ಆಮೇಲೆ ಎಲ್ಲೋ ಒಂದು ಕನ್ನಡ. ಶಿಶುನಾಳ ಶರೀಫರ ಪದವನ್ನು ಗಿಟಾರಿಗೆ ಕಟ್ಟಿ ರಘು ದೀಕ್ಷಿತ್ ಲಂಡನ್ನಿನವರೆಗೂ ಒಯ್ದ ಮೇಲೆ ಕನ್ನಡಕ್ಕೆ ಒಂದಿಷ್ಟು ಧೈರ್ಯ ಬಂದದ್ದು ನಿಜ. ಆದರೆ ಈಗ ಕನ್ನಡವೆಂದರೆ ಅದೇ ಎರಡು ಶರೀಫರ ಪದ ಎಂಬಂತಾಗಿದೆ. ಶಿವಾಜಿನಗರದ ಹುಡುಗ ದಖ್ಖನಿಯಲ್ಲಿ ಸ್ವಂತ ಹಾಡು ಕಟ್ಟಿ ಅಲ್ಲಿಗೆ ಬರಬೇಕಾದರೆ ಎರಡು ಬಸ್ ಬದಲಿಸಬೇಕು, ಮೂರು ಭಾಷೆಯ ಸಂಕೋಚ ದಾಟಬೇಕು.

ಇಷ್ಟಾದರೂ ಈ ಕೂಟಗಳ ಪರ ನಿಲ್ಲಲೇಬೇಕಾದ ಸಂದರ್ಭವೊಂದಿದೆ. ಬೆಂಗಳೂರಿನ ಪೊಲೀಸರ ಪದಕೋಶದಲ್ಲಿ ‘ಲೈವ್ ಬ್ಯಾಂಡ್’ ಎಂದರೆ ಬಾರುಗಳಲ್ಲಿ ಹೆಣ್ಣುಮಕ್ಕಳನ್ನು ಕುಣಿಸುವ ದಂಧೆ ಎಂಬ ಅರ್ಥವಿತ್ತು. ಅದನ್ನು ಹತೋಟಿಗೆ ತರಲೆಂದು 2005ರಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶ ಬಂತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕ್ಯಾಬರೆಗೂ ಕಬೀರನ ದೋಹೆಗೂ ಒಂದೇ ಅರ್ಜಿ, ಒಂದೇ ಕಚೇರಿ. ಅಗ್ನಿಶಾಮಕ ಪತ್ರ, ಕಟ್ಟಡದ ಪತ್ರ ಎಂದು ಓಡಾಡಲಾಗದ ಹಲವು ಸಣ್ಣ ಜಾಗಗಳು ಆಗ ಸಂಗೀತವನ್ನೇ ನಿಲ್ಲಿಸಿದವು. ಬೆಂಕಿಯಿಂದ ಜನರನ್ನು ಕಾಪಾಡುವ ನಿಯಮ ಬೇಡವೆಂದು ಯಾರೂ ಹೇಳುವುದಿಲ್ಲ. ನೆರೆಮನೆಯವರ ನಿದ್ದೆಯೂ ಮುಖ್ಯವೇ, ರಾತ್ರಿ ಹತ್ತರ ನಂತರದ ಧ್ವನಿವರ್ಧಕಕ್ಕೆ ಬೇರೆಯೇ ಕಾನೂನಿದೆ. ಆದರೆ ಮೂವತ್ತು ಕುರ್ಚಿಯ ಪುಸ್ತಕದಂಗಡಿಯನ್ನೂ ಮುನ್ನೂರು ಜನರ ಡಾನ್ಸ್ ಬಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಉಳಿಯುವುದು ಯಾವುದೆಂದು ಊಹಿಸುವುದು ಕಷ್ಟವಲ್ಲ. ಕಾಗದ ಪತ್ರಕ್ಕೆ ದುಡ್ಡಿರುವುದು ಎರಡನೆಯದಕ್ಕೇ.

ಕೊನೆಯದಾಗಿ ವಿಮರ್ಶಕರ ಗೈರುಹಾಜರಿ. ನ್ಯೂಯಾರ್ಕಿನ ಗರ್ಡೀಸ್ ಫೋಕ್ ಸಿಟಿಯಲ್ಲಿ ಸೋಮವಾರಗಳಂದು ಯಾರು ಬೇಕಾದರೂ ಹಾಡುವ ಕೂಟ ನಡೆಯುತ್ತಿತ್ತು. ಅಲ್ಲಿ ಹಾಡಿಕೊಂಡಿದ್ದ ಇಪ್ಪತ್ತರ ಬಾಬ್ ಡಿಲನ್‌ನಿಗೆ ಅದೇ ಜಾಗದಲ್ಲಿ ಸಂಬಳದ ಅವಕಾಶ ಸಿಕ್ಕಿತು. ಆಗ ಅವನನ್ನು ಕೇಳಿ ರಾಬರ್ಟ್ ಶೆಲ್ಟನ್ ಬರೆದ ವಿಮರ್ಶೆ 1961ರ ಸೆಪ್ಟೆಂಬರ್ 29ರ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅಚ್ಚಾಯಿತು. ಹಾಡುಗಾರನ ಮೊದಲ ಆಲ್ಬಂ ಕೂಡ ಆಗಿನ್ನೂ ಬಂದಿರಲಿಲ್ಲ. ನಮ್ಮ ಪತ್ರಿಕೆಗಳು ಆಲ್ಬಂ ಬಂದ ಮೇಲೆ, ಸಿನಿಮಾ ಸೇರಿದ ಮೇಲೆ, ಪ್ರಶಸ್ತಿ ಸಿಕ್ಕ ಮೇಲೆ ಹೋಗುತ್ತವೆ. ಮಂಗಳವಾರ ರಾತ್ರಿ ಪಟ್ಟಿಯ ಹದಿನೆಂಟನೇ ಹೆಸರು ಬರುವವರೆಗೆ ಕುಳಿತು, ಆಕೆಯ ಎರಡನೇ ಹಾಡಿನ ಚರಣ ಚೆನ್ನಾಗಿತ್ತು, ಪಲ್ಲವಿ ಸಡಿಲವಾಗಿತ್ತು ಎಂದು ನಾಲ್ಕು ಸಾಲು ಬರೆಯುವ ಅಂಕಣ ಕನ್ನಡದಲ್ಲಿ ಎಲ್ಲಿದೆ?